ಜೇಡಿಗುಡ್ಡದ ಗುಂಡಿಗಳು

ಗುಂಡಿಯ ಅಳತೆ ಹೀಗಿತ್ತು. ಉದ್ದ ಆರಡಿ, ಅಗಲ ಒಂದೂವರೆ ಅಡಿ, ಆಳ ಎರಡೂವರೆ ಅಡಿ. ಒಬ್ಬರಿಗೆ ದಿನಕ್ಕೆ ಎರಡು. ಗಂಡಸಿಗೂ ಎರಡು, ಹೆಂಗಸಿಗೂ ಎರಡು. ತೋಡಿದ ಮಣ್ಣನ್ನು ಕೆಳಬದಿಗೆ ಬದುವಿನ ಹಾಗೆ ಏರಿಸಿ, ಗುದ್ದಲಿಯ ಬೆನ್ನಿನಿಂದ ಬಡಿದು ಕೂರಿಸಬೇಕು. ಸಂಜೆ ಮೇಸ್ತ್ರಿ ಗುರುವಯ್ಯ ಕೋಲು ಇಟ್ಟು ಅಳೆಯುತ್ತಿದ್ದ. ಒಂದು ಗೇಣು ಕಡಿಮೆಯಾದರೂ ಮತ್ತೆ ಗುಂಡಿಗೆ ಇಳಿಯಬೇಕು.

ರೇವತಿ ಹಳ್ಳದಕೇರಿಗೆ ಮದುವೆಯಾಗಿ ಬಂದ ಮರುವಾರದಿಂದ ಚನ್ನಕೇಶವ ಗೌಡರ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಹದಿನೆಂಟು ವರ್ಷವಾಯಿತು. ಹಣ್ಣು ಕೊಯ್ದಿದ್ದಾಳೆ, ಗೊಬ್ಬರ ಹೊತ್ತಿದ್ದಾಳೆ, ಚಿಗುರು ತೆಗೆದಿದ್ದಾಳೆ. ಗುಂಡಿ ತೋಡಿದ್ದು ಆ ವರ್ಷವೇ ಮೊದಲು. ಮೂರನೇ ದಿನ ಅಂಗೈಯ ಬೊಬ್ಬೆಗಳು ಒಡೆದವು. ಗುದ್ದಲಿಯ ಕಾವಿಗೆ ರಕ್ತ ಹತ್ತಿತು. ವಾರ ಕಳೆಯುವಷ್ಟರಲ್ಲಿ ಚರ್ಮ ಸತ್ತು ಗಟ್ಟಿಯಾಯಿತು. ಆಮೇಲೆ ನೋವು ಗೊತ್ತಾಗಲಿಲ್ಲ.

ಇದಕ್ಕೆಲ್ಲ ಕಾರಣ ಮಳೆ. ಮೂರು ವರ್ಷದಿಂದ ಮಳೆಯ ಲೆಕ್ಕ ತಪ್ಪಿತ್ತು. ಫೆಬ್ರವರಿ ಕೊನೆಗೆ ಬರಬೇಕಾದ ಹೂಮಳೆ ಏಪ್ರಿಲ್ ದಾಟಿದರೂ ಬರುತ್ತಿರಲಿಲ್ಲ. ಮೊಗ್ಗು ಗಿಡದಲ್ಲೇ ಕರಕಾಗುತ್ತಿತ್ತು. ಜುಲೈ ಬಂದರೆ ತಿಂಗಳ ಮಳೆ ಒಂದು ವಾರದಲ್ಲಿ ಸುರಿದು ಹೋಗುತ್ತಿತ್ತು. ಗೌಡರ ಕೆರೆ ಬೇಸಿಗೆಗೆ ಮುಂಚೆಯೇ ಒಣಗಿತು. ಗೌಡರು ಬೆಂಗಳೂರಿನಿಂದ ಮಣ್ಣಿನ ತಜ್ಞನೊಬ್ಬನನ್ನು ಕರೆಸಿದರು. ಅವನು ಬಂಗಲೆಯ ಸುತ್ತಿನ ಸಮತಟ್ಟು ತೋಟದಲ್ಲಿ ಓಡಾಡಿದ. ಅದರಾಚೆಯ ಜೇಡಿಗುಡ್ಡ ಹತ್ತಲಿಲ್ಲ. ಕೆಳಗೆ ನಿಂತು ಡ್ರೋನ್ ಬಿಟ್ಟು ನೋಡಿದ.

"ಹವಾಮಾನ ಬದಲಾಗಿದೆ ಸರ್. ನಾವೂ ಬದಲಾಗ್ಬೇಕು. ಬಿದ್ದ ನೀರು ಬಿದ್ದಲ್ಲೇ ಇಂಗ್ಬೇಕು. ಗುಡ್ಡಕ್ಕೆಲ್ಲ ಇಂಗುಗುಂಡಿ ಹೊಡೆಸಿ," ಅಂದ.

ಗೌಡರ ಕಾಫಿ ಕೊಳ್ಳುವ ಪರದೇಶದ ಕಂಪನಿಯೊಂದು ಇತ್ತು. ನೀರು ಉಳಿಸುವ ತೋಟಕ್ಕೆ ಅವರು ಸರ್ಟಿಫಿಕೇಟ್ ಕೊಡುತ್ತಿದ್ದರು. ಆಗಸ್ಟ್‌ನಲ್ಲಿ ಅವರ ಇನ್‌ಸ್ಪೆಕ್ಷನ್. ಹಾಗಾಗಿ ಮಳೆ ಹಿಡಿಯುವ ಮುಂಚೆ ಗುಂಡಿ ಮುಗಿಯಬೇಕಿತ್ತು.

ಬಾಳೂರು ಕಡೆಯಿಂದ ಒಳಗೆ ನಾಲ್ಕು ಮೈಲಿ ಬಂದರೆ ಜೇಡಿಗುಡ್ಡ. ಅದರ ಬುಡದಲ್ಲಿ ಹಳ್ಳದಕೇರಿ. ದಲಿತರ ಹನ್ನೆರಡು ಮನೆ. ಆ ಗುಡ್ಡ ಸರ್ಕಾರದ್ದು. ಹದಿನೈದು ವರ್ಷದ ಹಿಂದೆ ಕೇರಿಯ ಹನ್ನೆರಡು ಮನೆಯವರೂ ಸೇರಿ, ಗುಡ್ಡದ ತಪ್ಪಲಲ್ಲಿ ತಲಾ ಒಂದೊಂದು ಎಕರೆ ಕೊಡಿ ಎಂದು ಅರ್ಜಿ ಹಾಕಿದ್ದರು. ಉತ್ತರ ಬಂತು. ಸದರಿ ಜಮೀನು ಕಡಿದಾದ ಇಳಿಜಾರು, ಅಗೆದರೆ ಮಣ್ಣು ಕುಸಿಯುವ ಸಂಭವ, ಸಾಗುವಳಿಗೆ ಯೋಗ್ಯವಲ್ಲ. ಮಾರನೇ ವರ್ಷ ಗೌಡರ ಬೇಲಿ ಆ ಗುಡ್ಡವನ್ನು ಒಳಗೆ ಹಾಕಿಕೊಂಡಿತು. ಅಲ್ಲಿದ್ದ ಹಲಸು, ಅತ್ತಿ, ನಂದಿ ಮರಗಳು ಉರುಳಿದವು. ಸಿಲ್ವರ್ ಓಕ್ ಬಂತು, ಕಾಫಿ ಬಂತು. ಒತ್ತುವರಿ ಅಂದರು. ಆಮೇಲೆ ಒತ್ತುವರಿ ಗುತ್ತಿಗೆಯಾಯಿತು. ಕಾಗದ ಗೌಡರ ಕೈಗೆ ಬಂತು.

ಆ ಹಲಸಿನ ಮರಗಳನ್ನು ಕಡಿದವನು ಬಾಲರಾಜ್. ರೇವತಿಯ ಗಂಡ. ಮರ ಹತ್ತುವುದರಲ್ಲಿ ಅವನನ್ನು ಬಿಟ್ಟರೆ ಆ ಕಡೆ ಇನ್ನೊಬ್ಬನಿರಲಿಲ್ಲ. ಕಡಿ ಅಂದರು, ಕಡಿದ.

ಗುಂಡಿ ಕೆಲಸದ ನಾಲ್ಕನೇ ದಿನ ಬಾಲರಾಜನ ಗುದ್ದಲಿಗೆ ಬಿಳಿ ಮಣ್ಣು ಸಿಕ್ಕಿತು. ಎರಡಡಿ ಕೆಂಪು ಮಣ್ಣು, ಅದರ ಕೆಳಗೆ ಬೆಣ್ಣೆಯ ಹಾಗೆ ಜೇಡಿ. ಹಬ್ಬಕ್ಕೆ ಗೋಡೆ ಬಳಿಯಲು ಕೇರಿಯ ಹೆಂಗಸರು ಇದನ್ನೇ ಕೊರೆದು ತರುತ್ತಿದ್ದರು. ಅದಕ್ಕೇ ಗುಡ್ಡಕ್ಕೆ ಆ ಹೆಸರು. ಬಾಲರಾಜ್ ಒಂದು ಹಿಡಿ ತೆಗೆದು, ಕುಡಿಯುವ ನೀರು ಹನಿಸಿ, ಬೆರಳಲ್ಲಿ ಉಜ್ಜಿದ. ಗುದ್ದಲಿ ಕೆಳಗಿಟ್ಟ.

"ಗುರುವಯ್ಯಣ್ಣ, ಇಲ್ಲಿ ನೀರು ನಿಲ್ಲಿಸ್ಬಾರ್ದು. ಜೇಡಿ ನೀರು ಕುಡಿದ್ರೆ ಸೋಪಿನ ಹಂಗೆ. ಮೇಲಿರೋ ಮಣ್ಣೆಲ್ಲ ಜಾರ್ತದೆ. ಜಾರಿದ್ರೆ ಎಲ್ಲಿಗೆ ಬರ್ತದೆ? ನಮ್ಮ ಕೇರಿಗೇ ಅಲ್ವಾ?"

ಗುರುವಯ್ಯ ಅದೇ ಕೇರಿಯವನು. ಕೋಲನ್ನು ಮಣ್ಣಿಗೆ ಊರಿದ. "ನಂಗೆ ಗೊತ್ತಿಲ್ವಾ ಮಾರಾಯ? ನೀನೇ ಹೋಗಿ ಗೌಡ್ರ ಹತ್ರ ಹೇಳು. ನಾನು ಹೇಳಿದ್ರೆ ಈ ಕೋಲು ಬೇರೆಯವ್ರ ಕೈಗೆ ಹೋಗ್ತದೆ."

ಮಾರನೇ ದಿನ ಗೌಡರೇ ತಜ್ಞನ ಜೊತೆ ಜೀಪಿನಲ್ಲಿ ಬಂದರು. ಬಾಲರಾಜ್ ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಹೇಳಿದ. ಜೇಡಿಯ ಉಂಡೆ ತೋರಿಸಿದ. ತಜ್ಞ ಅದನ್ನು ಮುಟ್ಟಲಿಲ್ಲ.

ಗೌಡರು ನಕ್ಕರು. ಕೋಪ ಮಾಡಿಕೊಳ್ಳುವ ಜನ ಅಲ್ಲ ಅವರು. "ಬಾಲರಾಜ, ಇವ್ರು ಮಣ್ಣಿನ ಮೇಲೇ ಡಾಕ್ಟ್ರೇಟ್ ಮಾಡಿದಾರೆ. ನೀನು ಎಷ್ಟನೇ ಕ್ಲಾಸ್?"

"ನಾಲ್ಕು, ಅಯ್ಯಾ."

"ಹಂಗಾದ್ರೆ ತೋಡು."

ಸುತ್ತ ಇದ್ದವರು ನಕ್ಕರು. ಕೂಲಿಯವರೂ ನಕ್ಕರು. ರೇವತಿಯೂ ನಕ್ಕಳೋ ಏನೋ, ಅವಳಿಗೆ ಆಮೇಲೆ ನೆನಪು ಮಾಡಿಕೊಳ್ಳಲು ಆಗಲಿಲ್ಲ. ಬಾಲರಾಜ್ ಟವೆಲು ಕಟ್ಟಿಕೊಂಡು ಗುಂಡಿಗೆ ಇಳಿದ. ಹೊರಡುವ ಮುಂಚೆ ತಜ್ಞ ಫೋಟೋ ತೆಗೆದ. ರೇವತಿ ಗುಂಡಿಯೊಳಗೆ ಸೊಂಟದವರೆಗೆ ನಿಂತಿದ್ದಳು. ಮೇಲೆ ನೋಡಮ್ಮ, ಸ್ವಲ್ಪ ನಗು ಅಂದ. ಮೇಲೆ ನೋಡಿದಳು. ಬಿಸಿಲು ಕಣ್ಣಿಗೆ ಹೊಡೆಯಿತು.

ಹದಿನೆಂಟು ದಿನದಲ್ಲಿ ರೇವತಿ ಮೂವತ್ತಾರು ಗುಂಡಿ ತೋಡಿದಳು. ಆರು ಆಳು ಸೇರಿ ಗುಡ್ಡದ ಮೇಲೆ ಒಟ್ಟು ಇನ್ನೂರಕ್ಕೂ ಹೆಚ್ಚು ಗುಂಡಿಯಾಯಿತು.

ಜುಲೈ ಎರಡನೇ ವಾರ ಮಳೆ ಹಿಡಿಯಿತು. ಏಳು ದಿನ ಬಿಡಲಿಲ್ಲ. ಗುಂಡಿಗಳು ತುಂಬಿದವು. ತುಂಬಿದ ನೀರು ಗುಡ್ಡದ ಮಗ್ಗುಲ ಸಣ್ಣ ಹಳ್ಳದ ತೋಡಿನಲ್ಲಿ ಹರಿದು ಹೋಗದೆ ಗುಡ್ಡದೊಳಗೆ ಇಳಿಯಿತು. ತಜ್ಞ ಹೇಳಿದ್ದು ಸರಿಯಾಗಿಯೇ ಆಯಿತು. ಬಿದ್ದ ನೀರು ಬಿದ್ದಲ್ಲೇ ಇಂಗಿತು.

ಶನಿವಾರ ಬೆಳಿಗ್ಗೆ ಕೇರಿಯ ಒರತೆಯ ನೀರು ಬೆಳ್ಳಗಾಗಿತ್ತು. ಹಾಲು ಕಲಸಿದ ಹಾಗೆ. ರೇವತಿ ಕೊಡ ತುಂಬಿಕೊಂಡು ಬಂದು ಗಂಡನಿಗೆ ತೋರಿಸಿದಳು. ಬಾಲರಾಜ್ ನೀರನ್ನು ಮುಟ್ಟಿ ನೋಡಿ, ಮಳೆಗೆ ಅಡ್ಡವಾಗಿ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿದ. ವಾಪಸು ಬಂದಾಗ ಅವನ ಕಾಲ ತುಂಬ ರಕ್ತ ಹೀರುವ ಇಂಬಳ. ಕೀಳಲಿಲ್ಲ.

"ಮೇಲಿನ ಸಾಲಿನ ಹತ್ರ ಬಿರುಕು ಬಿಟ್ಟಿದೆ. ಕೈ ಹೋಗ್ತದೆ ಒಳಗೆ. ಓಕ್ ಮರ ಎರಡು ವಾಲಿದಾವೆ."

ಗುರುವಯ್ಯ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿದ. ರೈಟರು ಚಿಕ್ಕಮಗಳೂರಿನ ಮನೆಯಲ್ಲಿದ್ದ ಗೌಡರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಬಾಲರಾಜನ ಮುಂದೆ ಹಿಡಿದರು.

"ಗೌಡ್ರೇ, ಗುಂಡಿಯ ಬದು ಒಡೆದು ನೀರು ಬಿಡ್ಬೇಕು. ಇವತ್ತೇ ಬಿಡ್ಬೇಕು. ಒಂದೊಂದೇ ಬಿಟ್ರೆ ತೋಡಿಗೆ ಹೋಗ್ತದೆ."

"ಇನ್‌ಸ್ಪೆಕ್ಷನ್ ಮೂರು ವಾರದಲ್ಲಿದೆ ಮಾರಾಯ. ಗುಂಡಿ ಮುಟ್ಬೇಡಿ. ಮಳೆ ನಿಲ್ತದೆ."

"ಕೆಳಗೆ ನಮ್ಮ ಮನೆ ಉಂಟು, ಅಯ್ಯಾ."

"ಮುಟ್ಬೇಡ ಅಂದೆ. ಮುಟ್ಟಿದ್ರೆ ನಿಂಗೆ ನಮ್ಮ ತೋಟದಲ್ಲಿ ಕೆಲ್ಸ ಇಲ್ಲ." ಫೋನ್ ನಿಂತಿತು.

ಭಾನುವಾರ ಬೆಳಗಾದ ಕೂಡಲೇ ಬಾಲರಾಜ್ ಮನೆಮನೆಗೆ ಹೋಗಿ ಬಾಗಿಲು ಬಡಿದ. ಏನೂ ತಗೋಬೇಡಿ, ಸ್ಕೂಲಿಗೆ ಹೋಗಿ ಅಂದ. ಕೆಲವರು ಬೈದರು. ಒಬ್ಬಳು ಒಲೆಯ ಮೇಲಿನ ಅನ್ನ ಬಸಿದು ಬರುತ್ತೇನೆ ಅಂದಳು. ಅವಳ ಕೈ ಹಿಡಿದು ಎಳೆದು ಹೊರಗೆ ನಿಲ್ಲಿಸಿದ. ಬಾಲರಾಜನ ಅಪ್ಪ ಶಿವಯ್ಯನಿಗೆ ಮಂಡಿ ಹಿಡಿದು ಬೇಗ ನಡೆಯಲು ಆಗುತ್ತಿರಲಿಲ್ಲ.

"ರೇವಾ, ಅಪ್ಪನ್ನ ಸ್ಕೂಲಿಗೆ ಬಿಟ್ಟು ಬಾ. ನಿನ್ನ ಗುದ್ದಲೀನೂ ತಾ. ಮೇಲಿನ ಸಾಲಿನ ನೀರು ನಾನು ಬಿಡಿಸ್ತಿರ್ತೀನಿ."

"ಇಬ್ರೂ ಒಟ್ಟಿಗೇ ಹೋಗಾಣ, ನಿಲ್ಲು ಮಾರಾಯ."

"ನಿಲ್ಲೋಕೆ ಹೊತ್ತಿಲ್ಲ."

ಅವಳು ಮಾವನನ್ನು ಬೆನ್ನ ಮೇಲೆ ಹೊತ್ತಳು. ಸ್ಕೂಲಿಗೆ ಅರ್ಧ ಮೈಲಿ. ಜಗಲಿಯ ಮೇಲೆ ಮಾವನನ್ನು ಇಳಿಸಿ ಸೆರಗು ಹಿಂಡುತ್ತಿದ್ದಾಗ ಸದ್ದು ಕೇಳಿತು. ಗುಡುಗಲ್ಲ. ಗುಡುಗು ಮೇಲಿನಿಂದ ಬರುತ್ತದೆ. ಇದು ಅಂಗಾಲಿನಿಂದ ಬಂತು. ಗುಡ್ಡದ ಎಡಮೈ ನಿಂತ ಮರಗಳ ಸಮೇತ ನಡೆದು ಬಂತು. ಮರಗಳು ಸ್ವಲ್ಪ ದೂರ ನೆಟ್ಟಗೇ ನಿಂತು ಬಂದು, ಆಮೇಲೆ ಬಿದ್ದವು. ಕೇರಿಯ ಮೂರು ಮನೆ ಮುಚ್ಚಿ ಹೋದವು. ಮನೆಗಳಲ್ಲಿ ಯಾರೂ ಇರಲಿಲ್ಲ.

ಬಾಲರಾಜ್ ಗುಡ್ಡದ ಮೇಲಿದ್ದ.

ಮಧ್ಯಾಹ್ನ ಜೆಸಿಬಿ ಬಂತು. ಕೇರಿಯವರು ದಾರಿ ಬಿಟ್ಟು ನಿಂತರು. ಅದು ಕೇರಿಗೆ ಬರಲಿಲ್ಲ. ಗೌಡರ ಹೋಂಸ್ಟೇಗೆ ಹೋಗುವ ರಸ್ತೆಯ ಮೇಲೂ ಮಣ್ಣು ಬಿದ್ದಿತ್ತು. ಅಲ್ಲಿ ಆರು ಕಾರಿನ ಗೆಸ್ಟುಗಳು ಸಿಕ್ಕಿಹಾಕಿಕೊಂಡಿದ್ದರು. ಮೊದಲು ಅದು. ಸಂಜೆಯವರೆಗೆ ಅದೇ ಆಯಿತು. ಕಾರುಗಳು ಸಾಲಾಗಿ ಇಳಿದು ಹೋದವು. ಒಂದು ಕಾರಿನ ಗಾಜು ಕೆಳಗಿಳಿದು ಒಂದು ಫೋನ್ ಹೊರಗೆ ಬಂತು. ಮಣ್ಣಿನ ವೀಡಿಯೋ ತೆಗೆದುಕೊಂಡು ಒಳಗೆ ಹೋಯಿತು.

ಕೇರಿಯವರು ತಾವೇ ಅಗೆದರು. ರೇವತಿಯೂ ಅಗೆದಳು. ಕೆಸರು ಗುದ್ದಲಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ. ಕೈಯಲ್ಲಿ ಬಳಿದು ತೆಗೆಯಬೇಕಿತ್ತು. ಹೆಂಗಸರು ಅವಳನ್ನು ಕೂರಿಸಲು ನೋಡಿದರು. ಕೂರಲಿಲ್ಲ. ಕೊಟ್ಟ ಗಂಜಿ ಕುಡಿದಳು, ಮತ್ತೆ ಅಗೆದಳು. ಎರಡನೇ ದಿನ ಜೆಸಿಬಿಯೂ ಬಂತು, ಹಗ್ಗ ಹಿಡಿದ ರಕ್ಷಣೆಯ ಜನರೂ ಬಂದರು. ಮೂರನೇ ದಿನ ಹತ್ತು ಗಂಟೆಗೆ ಅವಳ ಗುದ್ದಲಿ ಮೆತ್ತಗಿನ ಏನಕ್ಕೋ ತಾಗಿತು. ಅದು ಅವನ ತೊಡೆ. ಅವಳು ಗುದ್ದಲಿ ಪಕ್ಕಕ್ಕಿಟ್ಟು ಕೈಯಿಂದ ಮಣ್ಣು ಬಿಡಿಸಿದಳು. ಬಾಯಿಯೊಳಗೆ, ಮೂಗಿನೊಳಗೆ ಜೇಡಿ ತುಂಬಿತ್ತು. ಬೆರಳು ಹಾಕಿ ತೆಗೆದಳು. ಸುತ್ತ ಎಲ್ಲರೂ ಅತ್ತರು.

"ಅಳು ಮಗಾ. ಅತ್ತುಬಿಡು," ಅಂದ ಶಿವಯ್ಯ.

ಅವಳಿಗೆ ಅಳು ಬರಲಿಲ್ಲ. ಗಂಡನ ಉಗುರಿನ ಸಂದಿಯ ಮಣ್ಣನ್ನು ಒಂದು ಕಡ್ಡಿಯಿಂದ ಕೆದಕುತ್ತಾ ಕೂತಳು. ಹತ್ತು ಬೆರಳೂ ಮುಗಿಸಿದಳು.

ತಿಥಿ ಕಳೆದ ಮಾರನೇ ದಿನ ಗುರುವಯ್ಯ ಬಂದ. ಬಂಗಲೆಗೆ ಬರಬೇಕಂತೆ, ಸರ್ವೆಗೆ ಬಂದ ಅಧಿಕಾರಿ ಕೂತಿದ್ದಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ ಅಂದ. ರೇವತಿ ಹೋದಳು. ಶಿವಯ್ಯ ಕೋಲು ಹಿಡಿದು ಹಿಂದೆ ಹೋದ. ಮಳೆ ಸಣ್ಣಗೆ ಹನಿಯುತ್ತಿತ್ತು. ಅಧಿಕಾರಿ ಜಗಲಿಯ ಮೇಲೆ ಕುರ್ಚಿಯಲ್ಲಿದ್ದ. ಮುಂದೆ ಕೋಡುಬಳೆಯ ತಟ್ಟೆ, ಪಿಂಗಾಣಿ ಕಪ್ಪಿನಲ್ಲಿ ಕಾಫಿ. ಇವರು ಅಂಗಳದಲ್ಲಿ ನಿಂತರು. ಇವರಿಗೂ ಕಾಫಿ ಬಂತು, ಪೇಪರ್ ಲೋಟದಲ್ಲಿ. ತಂದ ಆಳು ಅದನ್ನು ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟ. ಯಾರೂ ಮುಟ್ಟಲಿಲ್ಲ. ಲೋಟದೊಳಗೆ ಮಳೆ ಬಿತ್ತು.

"ಬಾಲರಾಜ ಒಳ್ಳೆ ಕೆಲಸಗಾರ," ಅಂದರು ಗೌಡರು. "ನಮಗೂ ಬೇಜಾರಿದೆ ರೇವತಿ. ಆದ್ರೆ ಆದದ್ದು ಆಯ್ತು. ಮುಂದಿಂದು ನೋಡ್ಬೇಕಲ್ಲ. ನಿಮ್ಮ ಕೇರಿ ಜನಕ್ಕೆ ಬೇರೆ ಕಡೆ ಸೈಟು ಕೊಡ್ಸೋಕೆ ನಾನೇ ಓಡಾಡ್ತಿದೀನಿ. ಇವ್ರು ರಿಪೋರ್ಟ್ ಕಳ್ಸಿದ್ರೆ ಎಲ್ಲ ಆಗ್ತದೆ. ಒಂದು ಸೈನ್ ಹಾಕು."

ಅಧಿಕಾರಿ ಬರೆದಿಟ್ಟಿದ್ದ ಕಾಗದವನ್ನು ಗುರುವಯ್ಯನ ಕೈಯಲ್ಲಿ ಕೆಳಗೆ ಕಳಿಸಿದ. ರೇವತಿ ಏಳನೇ ಕ್ಲಾಸು ಪಾಸಾದವಳು. ನಿಧಾನವಾಗಿ, ಬಾಯಿಬಿಟ್ಟು ಓದಿದಳು.

"ನನ್ನ ಗಂಡನಾದ ಬಾಲರಾಜ್ ಬಿನ್ ಶಿವಯ್ಯ ಎಂಬುವವರು ತೋಟದ ಮಾಲೀಕರ ಅನುಮತಿ ಇಲ್ಲದೆ, ಸ್ವಂತ ಇಚ್ಛೆಯಿಂದ ಇಂಗುಗುಂಡಿಗಳ ಬದುಗಳನ್ನು ಒಡೆದ ಕಾರಣ, ನೀರು ಒಮ್ಮೆಲೇ ನುಗ್ಗಿ ಗುಡ್ಡ ಕುಸಿದಿರುತ್ತದೆ. ಇದರಲ್ಲಿ ಬೇರೆ ಯಾರ ತಪ್ಪೂ ಇರುವುದಿಲ್ಲ."

ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು.

"ಗುಂಡಿ ತೋಡಿದ್ದು ಇದ್ರಲ್ಲಿ ಇಲ್ಲ," ಅಂದಳು.

"ಅದು ಬೇಕಾಗಲ್ಲಮ್ಮ," ಅಂದ ಅಧಿಕಾರಿ. "ಏನಾಯ್ತೋ ಅಷ್ಟು ಸಾಕು."

"ತೋಡಿದ್ದೂ ಆಗಿದ್ದೇ ಅಲ್ವಾ ಸಾರ್?"

ಅಧಿಕಾರಿ ಗೌಡರ ಮುಖ ನೋಡಿದ.

"ಅವ್ನು ಮೊದ್ಲೇ ಹೇಳಿದ್ದ," ಅಂದಳು ರೇವತಿ. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಬೇರೆ ಯಾರದೋ ಮಾತನ್ನು ಒಪ್ಪಿಸುವವಳ ಹಾಗೆ ಹೇಳಿದಳು. "ಜೇಡಿ ತೋರ್ಸಿದ್ದ. ನೀವು ನಕ್ರಿ. ಬಿರುಕು ಬಿಟ್ಟಾಗ ಫೋನ್ ಮಾಡಿದ್ದ. ಮುಟ್ಬೇಡ ಅಂದ್ರಿ. ಬೆಳಿಗ್ಗೆ ಎದ್ದು ಹನ್ನೆರಡು ಮನೆ ಖಾಲಿ ಮಾಡ್ಸಿದ. ಮೂರು ಮನೆ ಮಣ್ಣಿನ ಕೆಳಗೆ ಹೋಯ್ತು, ಒಂದು ಜೀವ ಹೋಗ್ಲಿಲ್ಲ. ಅವ್ನದೊಂದು ಹೋಯ್ತು. ಇವತ್ತು ಅವ್ನೇ ಗುಡ್ಡ ಬೀಳ್ಸಿದ ಅಂತ ನಾನು ಬರ್ಕೊಡ್ಬೇಕಾ?"

"ಭಾಷಣ ಬೇಡ," ಅಂದರು ಗೌಡರು. ಈಗಲೂ ಕೋಪ ಮಾಡಿಕೊಳ್ಳಲಿಲ್ಲ. "ನೀನು ಒಬ್ಳೇ ಅಲ್ಲ. ಹನ್ನೆರಡು ಮನೆ ಪ್ರಶ್ನೆ. ನೀನು ಸೈನ್ ಹಾಕ್ದಿದ್ರೆ ಅವ್ರ ಸೈಟೂ ನಿಲ್ತದೆ. ಆಮೇಲೆ ನಿನ್ನ ಜನವೇ ನಿನ್ನ ಉಗೀತಾರೆ, ನೋಡು."

ಗುರುವಯ್ಯ ಅವಳ ಹತ್ತಿರ ಬಂದು ಪಿಸುಗುಟ್ಟಿದ. "ಹಾಕ್ಬಿಡು ತಂಗಿ. ಸತ್ತವ್ನಿಗೆ ಎಂಥ ಮರ್ಯಾದೆ, ಎಂಥ ಅವಮಾನ? ಇದ್ದವ್ರು ಬದುಕ್ಬೇಕಲ್ಲ."

ರೇವತಿ ಮಾವನ ಕಡೆ ನೋಡಿದಳು. ಶಿವಯ್ಯ ಐವತ್ತು ವರ್ಷ ಆ ಅಂಗಳದಲ್ಲಿ ತಲೆ ತಗ್ಗಿಸಿ ನಿಂತವನು. ಇವತ್ತೂ ತಗ್ಗಿಸಿಯೇ ಇದ್ದ. ತಗ್ಗಿಸಿಕೊಂಡೇ ಹೇಳಿದ. "ಹಾಕ್ಬೇಡ ಮಗಾ."

ರೇವತಿ ಬಗ್ಗಿ ಕಾಗದವನ್ನು ಮೆಟ್ಟಿಲ ಮೇಲೆ, ಪೇಪರ್ ಲೋಟಗಳ ಪಕ್ಕ ಇಟ್ಟಳು. ಹಾರಿಹೋಗದಿರಲಿ ಎಂದು ಅದರ ಮೇಲೊಂದು ಲೋಟವನ್ನೂ ಇಟ್ಟಳು. ತಿರುಗಿ ನಡೆದಳು. ಬೆನ್ನ ಹಿಂದೆ ಗೌಡರು ಏನೋ ಅಂದರು. ಅದು ಅವಳಿಗೆ ಕೇಳಲಿಲ್ಲ, ಕೇಳಬೇಕು ಅನ್ನಿಸಲೂ ಇಲ್ಲ.

ಕೇರಿಯವರು ಉಗಿದರು. ಗೌಡರು ಹೇಳಿದ್ದು ಸುಳ್ಳಾಗಲಿಲ್ಲ. ಮನೆ ಕಳೆದುಕೊಂಡ ಮೂರು ಸಂಸಾರ ಸ್ಕೂಲಿನಲ್ಲಿ ಬೆಂಚು ಜೋಡಿಸಿಕೊಂಡು ಮಲಗುತ್ತಿದ್ದವು. ನಿನ್ನ ಹಟಕ್ಕೆ ನಮ್ಮ ಮಕ್ಕಳು ಇಲ್ಲಿ ಕೊಳೀಬೇಕಾ ಅಂದಳು ಒಬ್ಬಳು. ಬಾಲರಾಜ್ ಕೈ ಹಿಡಿದು ಹೊರಗೆಳೆದದ್ದು ಇವಳನ್ನೇ. ರೇವತಿ ಮನೆಯಲ್ಲಿ ಇದ್ದ ಅಕ್ಕಿಯಲ್ಲಿ ಅರ್ಧ ಅವಳಿಗೆ ಅಳೆದು ಕೊಟ್ಟು ಬಂದಳು.

ಕೆಲಸ ನಿಂತಿತು. ರೈಟರು ಅವಳ ಹೆಸರು ಕೂಗಲಿಲ್ಲ. ನಾಲ್ಕು ದಿನ ಬಾಗಿಲಲ್ಲಿ ಕೂತಳು. ಅಲ್ಲಿಂದ ಜೇಡಿಗುಡ್ಡ ಕಾಣುತ್ತಿತ್ತು. ಎಡಮೈ ಸುಲಿದ ಹಾಗೆ ಕೆಂಪಗೆ, ನಡುವೆ ಬೆಳ್ಳಗೆ. ಬಲಮೈ ಇನ್ನೂ ಹಾಗೇ ಇತ್ತು. ಬಲಮೈಯಲ್ಲಿ ನೂರರ ಹತ್ತಿರ ಗುಂಡಿಗಳಿದ್ದವು. ತುಂಬಿದ್ದವು. ಅದರ ಬುಡದಲ್ಲಿ ಒಂಬತ್ತು ಮನೆ. ಬೇರೆ ಹೋಗಲು ಜಾಗವಿಲ್ಲದೆ ಎಲ್ಲರೂ ಅದೇ ಮನೆಗಳಿಗೆ ವಾಪಸು ಬಂದಿದ್ದರು. ರೇಡಿಯೋದಲ್ಲಿ ಮತ್ತೆ ಮಳೆ ಅಂದರು.

ಐದನೇ ದಿನ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಗುರುವಯ್ಯ ಎಂಟು ಆಳು ಕಟ್ಟಿಕೊಂಡು ಗುಡ್ಡಕ್ಕೆ ಹೊರಟಿದ್ದ. ಬಲಮೈಯ ಗುಂಡಿಗಳಲ್ಲಿ ಹೂಳು ತುಂಬಿದೆ, ಇನ್‌ಸ್ಪೆಕ್ಷನ್ನಿಗೆ ಮುಂಚೆ ತೆಗೆಯಬೇಕು ಎಂದು ಅಪ್ಪಣೆಯಾಗಿತ್ತು. ಆಳುಗಳು ಕೇರಿಯವರೇ. ರೇವತಿ ಗುದ್ದಲಿ ತೆಗೆದುಕೊಂಡು ಅವರ ಹಿಂದೆ ನಡೆದಳು. ಕೂಲಿ ಕೇಳಲು ಬರುತ್ತಿದ್ದಾಳೆ ಎಂದುಕೊಂಡು ಗುರುವಯ್ಯ ತಡೆಯಲಿಲ್ಲ.

ಮೇಲಿನ ಸಾಲಿನ ಮೊದಲ ಗುಂಡಿಗೆ ಅವಳು ಬಗ್ಗಿದಳು. ಇದು ಅವಳೇ ತೋಡಿದ ಗುಂಡಿ. ಮಗ್ಗುಲಲ್ಲಿ ಒಂದು ಕಲ್ಲು ಅಡ್ಡ ಬಂದು ಅರ್ಧ ದಿನ ತಿಂದಿತ್ತು. ಹೂಳು ತೆಗೆಯಲಿಲ್ಲ. ಬದುವಿನ ತೋಡಿನ ಕಡೆಯ ಮೂಲೆಗೆ ಗುದ್ದಲಿ ಹಾಕಿದಳು. ನಾಲ್ಕು ಪೆಟ್ಟು. ನೀರು ಸಣ್ಣಗೆ ಹೊರಟು, ದಾರಿ ಮಾಡಿಕೊಂಡು, ತೋಡಿಗೆ ಇಳಿಯಿತು. ಅದು ಪೂರ್ತಿ ಬಸಿಯುವವರೆಗೆ ನಿಂತು ನೋಡಿದಳು. ಎರಡನೇ ಗುಂಡಿಗೆ ಹೋದಳು.

"ಏ ರೇವತಿ, ಎಂಥ ಮಾಡ್ತಿದೀಯ!" ಗುರುವಯ್ಯ ಓಡಿ ಬಂದ. "ಪರ್ಮಿಷನ್ ಇಲ್ಲ. ಕೇಸ್ ಹಾಕ್ತಾರೆ ಮಾರಾಯ್ತಿ."

"ಹಾಕ್ಲಿ."

"ನನ್ನ ಕೆಲ್ಸ ಹೋಗ್ತದೆ."

ರೇವತಿ ಗುದ್ದಲಿ ನಿಲ್ಲಿಸಿ ಅವನನ್ನು ನೋಡಿದಳು. "ನಿನ್ನ ಮನೆ ಎಲ್ಲುಂಟು, ಗುರುವಯ್ಯಣ್ಣ?"

ಅವನು ಕೆಳಗೆ ನೋಡಲಿಲ್ಲ. ನೋಡುವುದು ಬೇಕಿರಲಿಲ್ಲ. ಅವನ ಮನೆ ಬಲಮೈಯ ಬುಡದಲ್ಲಿ, ಸಾಲಿನಲ್ಲಿ ಎರಡನೆಯದು. ಅವನು ಅವಳ ಗುದ್ದಲಿಯ ಕಾವು ಹಿಡಿದುಕೊಂಡ. ಅವಳು ಎಳೆದಳು. ಬಿಡಲಿಲ್ಲ. ಇಬ್ಬರೂ ಕೆಸರಿನಲ್ಲಿ ಜಾರಿ ಮಂಡಿಯೂರಿದರು. ಆಳುಗಳು ದೂರ ನಿಂತು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಗುರುವಯ್ಯನೇ ಬಿಟ್ಟ. ಹೋಗಿ ಒಂದು ಬಂಡೆಯ ಮೇಲೆ ಬೆನ್ನು ಹಾಕಿ ಕೂತ. ರೈಟರಿಗೆ ಫೋನ್ ಮಾಡಬೇಕಿತ್ತು. ಫೋನ್ ಅವನ ಕೈಯಲ್ಲೇ ಇತ್ತು. ಮಾಡಲಿಲ್ಲ.

ಆಳುಗಳಲ್ಲಿ ಮೊದಲು ಬಂದವಳು ಸ್ಕೂಲಿನಲ್ಲಿ ಉಗಿದಿದ್ದವಳು. ಪಕ್ಕದ ಗುಂಡಿಯ ಬದು ಒಡೆದಳು. ಆಮೇಲೆ ಇನ್ನಿಬ್ಬರು. ಆಮೇಲೆ ಎಲ್ಲರೂ. ಯಾರೂ ಕೂಗಲಿಲ್ಲ, ಘೋಷಣೆ ಹಾಕಲಿಲ್ಲ. ಕೂಲಿ ದಿನದ ಹಾಗೆಯೇ ಮಾಡಿದರು. ಬದು ಒಡೆಯುವುದು ತೋಡುವುದಕ್ಕಿಂತ ಸುಲಭ. ಮಧ್ಯಾಹ್ನ ಊಟದ ಹೊತ್ತಿಗೆ ಬಲಮೈಯ ಗುಂಡಿಗಳೆಲ್ಲ ಬಸಿದಿದ್ದವು. ರೇವತಿ ಒಡೆದದ್ದು ಹದಿನಾಲ್ಕು.

ಎರಡು ಗಂಟೆಗೆ ರೈಟರು ಬಂದರು. ಮೂರಕ್ಕೆ ಗೌಡರ ಜೀಪು. ನಾಲ್ಕಕ್ಕೆ ಪೊಲೀಸರು. ಯಾರು ಮೊದಲು ಒಡೆದದ್ದು ಅಂದರು. ನಾನು ಅಂದಳು ರೇವತಿ. ಹೆಸರು, ವಯಸ್ಸು, ಜಾತಿ ಬರೆದುಕೊಂಡರು. ಉಳಿದವರದೂ ಬರೆದುಕೊಂಡರು. ಅತಿಕ್ರಮ ಪ್ರವೇಶ, ಆಸ್ತಿಗೆ ಹಾನಿ. ಒಂಬತ್ತು ಜನರ ಮೇಲೆ ಕೇಸಾಯಿತು. ಗುರುವಯ್ಯನ ಕೋಲು ಬೇರೆಯವರ ಕೈಗೆ ಹೋಯಿತು.

ಆಗಸ್ಟ್‌ನಲ್ಲಿ ಮಳೆ ಹನ್ನೊಂದು ದಿನ ಹೊಡೆಯಿತು. ಜುಲೈಗಿಂತ ಜೋರು. ತೋಡು ಕೆಂಪಗೆ ದಡ ಮುರಿದು ಹರಿಯಿತು. ಬಲಮೈ ನಿಂತಿತು. ಬದು ಒಡೆದದ್ದಕ್ಕೇ ನಿಂತಿತೋ, ತಾನಾಗಿಯೇ ನಿಲ್ಲುತ್ತಿತ್ತೋ, ಹೇಳುವವರು ಯಾರೂ ಇಲ್ಲ. ಒಂಬತ್ತು ಮನೆಯವರು ಅದೇ ಮನೆಗಳಲ್ಲಿ ಗಂಜಿ ಕಾಯಿಸಿಕೊಂಡು ಕುಡಿದರು.

ಇನ್‌ಸ್ಪೆಕ್ಷನ್ ಬಂಗಲೆಯ ಸುತ್ತಿನ ಸಮತಟ್ಟು ತೋಟದಲ್ಲೇ ನಡೆಯಿತು. ಸರ್ಟಿಫಿಕೇಟ್ ಬಂತು. ಸೈಟು ಬರಲಿಲ್ಲ. ಅಧಿಕಾರಿಯ ರಿಪೋರ್ಟು ರೇವತಿಯ ಸಹಿ ಇಲ್ಲದೆಯೇ ಹೋಯಿತು. ಕೂಲಿಕಾರನ ಅಜಾಗರೂಕತೆ ಎಂದು ಅದರಲ್ಲಿತ್ತಂತೆ.

ರೇವತಿ ಕೆಲಸಕ್ಕೆ ಹೊರನಾಡಿನ ದೇವಸ್ಥಾನದ ಕಡೆಗೆ ಹೋಗತೊಡಗಿದಳು. ಅಲ್ಲಿನ ಒಂದು ಲಾಡ್ಜಿನಲ್ಲಿ ಬೆಡ್‌ಶೀಟು ಒಗೆಯುವುದು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬರುತ್ತಿದ್ದಳು. ಶಿವಯ್ಯನಿಗೆ ಅನ್ನ ಬೇಯಿಸಿ ಇಡುತ್ತಿದ್ದಳು. ಅಳು ಇನ್ನೂ ಬಂದಿರಲಿಲ್ಲ. ಕೇರಿಯವರು ಅದರ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದರು.

ಕೇಸು ವಿಚಾರಣೆಗೆ ಬಂದದ್ದು ಮುಂದಿನ ವರ್ಷ ಜೂನ್‌ನಲ್ಲಿ. ಒಂಬತ್ತು ಜನ ಬಸ್ಸು ಹಿಡಿದು ತಾಲ್ಲೂಕಿನ ಕೋರ್ಟಿಗೆ ಹೋದರು. ಉಚಿತ ಕಾನೂನು ನೆರವಿನ ವಕೀಲೆ ರಕ್ಷಾ ಎಂಬ ಹುಡುಗಿ ಇವರ ಪರ ಇದ್ದಳು. "ಆರೋಪ ಓದಿ ಒಪ್ತೀರಾ ಅಂತ ಕೇಳ್ತಾರೆ. ಒಪ್ಪಲ್ಲ ಅನ್ನಿ. ಅಷ್ಟೇ ಅನ್ನಿ, ಬೇರೆ ಒಂದು ಮಾತೂ ಬೇಡ," ಎಂದು ಕಾರಿಡಾರಿನಲ್ಲಿ ಎರಡೆರಡು ಸಲ ಹೇಳಿದಳು. ಗೌಡರು ಆ ದಿನ ತಾವೇ ಬಂದಿದ್ದರು. ಬಿಳಿ ಷರಟು ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ನ್ಯಾಯಾಧೀಶೆ ಆರೋಪ ಓದಿದರು. "ಇಂಗುಗುಂಡಿಗಳ ಬದು ಒಡೆದು ಹಾನಿ ಮಾಡಿದ್ದೀರಿ ಅಂತ ಇದೆ. ಒಪ್ತೀರಾ?"

"ಒಡೆದಿದೀನಿ ಅಮ್ಮ," ಅಂದಳು ರೇವತಿ. "ಹದಿನಾಲ್ಕು. ತೋಡಿದ್ದೂ ನಾನೇ. ಮೂವತ್ತಾರು. ಅದನ್ನೂ ಬರ್ಕೊಳ್ಳಿ."

ರಕ್ಷಾ ತಟ್ಟನೆ ಎದ್ದು ನಿಂತಳು. ನ್ಯಾಯಾಧೀಶೆ ಕೈ ತೋರಿಸಿ ಅವಳನ್ನು ಕೂರಿಸಿದರು. ಕಾಗದದಿಂದ ಕಣ್ಣೆತ್ತಿ ರೇವತಿಯನ್ನು ನೋಡಿದರು.

"ಯಾಕೆ ತೋಡಿದ್ರಿ?"

"ತೋಡು ಅಂದ್ರು."

"ಯಾರು?"

ಕೋರ್ಟಿನಲ್ಲಿ ಫ್ಯಾನು ತಿರುಗುತ್ತಿತ್ತು. ಗುಡ್ಡ ಬಿದ್ದು ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು. ಪೊಲೀಸರು ಬಂದು ಹೋಗಿದ್ದರು, ಅಧಿಕಾರಿ ಬಂದು ಹೋಗಿದ್ದ, ಪೇಪರಿನವರು ಬಂದು ಹೋಗಿದ್ದರು. ಈ ಒಂದು ಮಾತನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಹಳ್ಳದಕೇರಿಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗೌಡ್ರು ಅನ್ನುತ್ತಿದ್ದರು, ಅಯ್ಯ ಅನ್ನುತ್ತಿದ್ದರು. ಶಿವಯ್ಯ ತನ್ನ ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಚನ್ನಕೇಶವ," ಅಂದಳು ರೇವತಿ.

"ಜೋರಾಗಿ ಹೇಳಮ್ಮ," ಅಂದ ಟೈಪಿಸ್ಟು.

"ಚನ್ನಕೇಶವ. ಅಲ್ಲಿ ಹಿಂದೆ ಕೂತಿದಾನೆ."

ಟೈಪಿಸ್ಟು ನ್ಯಾಯಾಧೀಶೆಯ ಕಡೆ ನೋಡಿದ. ಅವರು ತಲೆಯಾಡಿಸಿದರು. ಅವನ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಅಕ್ಷರ ಒಂದೊಂದೇ ಬೀಳುವ ಸದ್ದನ್ನು ರೇವತಿ ಕೊನೆಯವರೆಗೂ ಕೇಳಿಸಿಕೊಂಡಳು. ಅದು ಮುಗಿದ ಮೇಲೆ ಅವಳು ಎರಡು ಕೈಯಲ್ಲೂ ಕಟಕಟೆಯ ಮರ ಹಿಡಿದುಕೊಂಡಳು. ಒಂದು ವರ್ಷ ಬಾರದ ಅಳು ಬಂತು. ಅವಳು ಅದನ್ನು ತಡೆಯಲಿಲ್ಲ.